ಬರೋಕ್ ಕೆತ್ತನೆಚಿತ್ರಗಳಲ್ಲಿ ಗ್ರೀಕ್ ಪುರಾಣದ ಬೇಟೆ: ಸಂಕೇತ ಓದುವುದನ್ನು ಕಲಿಸುವ ಒಂದು ಪಾಠ

‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ವಿಷಯದ ಪ್ರಾಯೋಗಿಕ ಕಾರ್ಯಕ್ಕಾಗಿ ನಮ್ಮ ತಂಡದ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಚಿತ್ರವೊಂದನ್ನು ಆಧರಿಸಿ ಎರಡು ಅವಧಿಯ ಪಾಠ ಸಿದ್ಧಪಡಿಸಬೇಕಿತ್ತು. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಹಾಗಾಗಿ ತಾಮ್ರದ ತಗಡು, ಆಮ್ಲ, ಕನ್ನಡಿಯ ಬಿಂಬ ಇವೆಲ್ಲ ಒಟ್ಟಿಗೆ ಬರುವ ಕಲೆಯೊಂದನ್ನು ಹುಡುಕಿಕೊಂಡೆ. ಅದು ಯುರೋಪಿನ ಬರೋಕ್ ಕಾಲದ, ಎಂದರೆ ಸ್ಥೂಲವಾಗಿ 1600ರಿಂದ 1750ರವರೆಗಿನ ಕೆತ್ತನೆಚಿತ್ರ. ಅದರಲ್ಲೂ ಗ್ರೀಕ್ ಪುರಾಣದ ಬೇಟೆಯ ದೃಶ್ಯಗಳು. ಆ ಚಿತ್ರಗಳ ಹಿನ್ನೆಲೆ, ಅವುಗಳ ಸಂಕೇತಗಳು, ಒಂಬತ್ತನೆಯ ತರಗತಿಯಲ್ಲಿ ಅವನ್ನು ಓದಿಸಿದ ಬಗೆ ಇವನ್ನು ಇಲ್ಲಿ ಬರೆದಿದ್ದೇನೆ. ಸಂಕೇತವನ್ನು ಹೇಗೆ ಕಲಿಸಬೇಕು ಎಂಬುದರಲ್ಲಿ ನನಗೂ ನನ್ನ ಮಾರ್ಗದರ್ಶಕ ಶಿಕ್ಷಕರಿಗೂ ಭಿನ್ನಾಭಿಪ್ರಾಯವಿತ್ತು. ಅದನ್ನೂ ದಾಖಲಿಸಿದ್ದೇನೆ. ಓದುಗರಿಗೆ ಪಾಠಯೋಜನೆಗಿಂತ ಆ ಚರ್ಚೆಯೇ ಹೆಚ್ಚು ಉಪಯೋಗಕ್ಕೆ ಬರಬಹುದು.

ತಗಡಿನಿಂದ ಕಾಗದಕ್ಕೆ

ಕೆತ್ತನೆಚಿತ್ರ ಎಂದಾಗ ನಮ್ಮ ಮಕ್ಕಳಿಗೆ ಕಲ್ಲಿನ ಕೆತ್ತನೆಯೇ ನೆನಪಾಗುತ್ತದೆ. ಇಲ್ಲಿಯದು ಬೇರೆ. ನಯಗೊಳಿಸಿದ ತಾಮ್ರದ ತಗಡಿನ ಮೇಲೆ ಬ್ಯೂರಿನ್ ಎಂಬ ಚೂಪಾದ ಉಳಿಯಿಂದ ಗೆರೆ ಕೊರೆಯುತ್ತಾರೆ. ತಗಡಿಗೆಲ್ಲ ಮಸಿ ಬಳಿದು ಮೇಲ್ಮೈಯನ್ನು ಒರೆಸಿಬಿಟ್ಟರೆ ಕೊರೆದ ಗೆರೆಗಳಲ್ಲಿ ಮಾತ್ರ ಮಸಿ ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲಿಟ್ಟು ಎರಡು ಉರುಳೆಗಳ ನಡುವೆ ಒತ್ತಿ ಹಾಯಿಸಿದಾಗ ಕಾಗದವು ಗೆರೆಯೊಳಗಿನ ಮಸಿಯನ್ನು ಎಳೆದುಕೊಳ್ಳುತ್ತದೆ. ಒಂದೇ ತಗಡಿನಿಂದ ನೂರಾರು ಪ್ರತಿ. ರೋಮಿನ ಅರಮನೆಯ ಗೋಡೆಯ ಮೇಲಿದ್ದ ಕಥೆ ಆಂಟ್ವರ್ಪಿನ ವ್ಯಾಪಾರಿಯ ಕೈಗೆ ಬಂದದ್ದು ಹೀಗೆ.

ಇನ್ನೊಂದು ವಿಧಾನದಲ್ಲಿ ಉಳಿಯ ಕೆಲಸವನ್ನು ಆಮ್ಲ ಮಾಡುತ್ತದೆ. ತಗಡಿಗೆ ಮೇಣ ಮತ್ತು ರಾಳದ ಲೇಪ ಹಚ್ಚಿ, ಸೂಜಿಯಿಂದ ಲೇಪವನ್ನಷ್ಟೇ ಗೀರಿ, ನೈಟ್ರಿಕ್ ಆಮ್ಲದಲ್ಲಿ ಮುಳುಗಿಸಿದರೆ ಗೀರಿದ ಕಡೆ ತಾಮ್ರ ಕರಗುತ್ತದೆ. ತಾಮ್ರದ ನೈಟ್ರೇಟ್ ಉಂಟಾಗಿ ದ್ರಾವಣ ನೀಲಿಯಾಗುತ್ತದೆ, ಕಂದು ಬಣ್ಣದ ಹೊಗೆ ಏಳುತ್ತದೆ. ಫ್ರಾನ್ಸಿನ ಜಾಕ್ ಕಲೋ (1592–1635) ಮೆತ್ತನೆಯ ಮೇಣದ ಬದಲು ತಂತಿವಾದ್ಯ ಮಾಡುವವರ ಗಟ್ಟಿ ವಾರ್ನಿಶ್ ಬಳಸಿದ. ಗೆರೆ ಉಳಿಯಿಂದ ಕೊರೆದಷ್ಟೇ ಚೊಕ್ಕಟವಾಗಿ ಬಂತು. 1645ರಲ್ಲಿ ಆಬ್ರಹಾಂ ಬೋಸ್ ಈ ವಿದ್ಯೆಯ ಬಗ್ಗೆ ಪ್ಯಾರಿಸ್ಸಿನಲ್ಲಿ ಒಂದು ಪುಸ್ತಕವನ್ನೇ ಬರೆದ. ಅವನು ಕೊಡುವ ಪಾಕಗಳಲ್ಲೊಂದರಲ್ಲಿ ವಿನೆಗರ್, ಉಪ್ಪು, ನವಸಾಗರ, ತಾಮ್ರದ ಕಿಲುಬು ಇವೆ. ವಿಜ್ಞಾನ ಶಿಕ್ಷಕರಿಗೆ ಇದು ಒಳ್ಳೆಯ ಸಂಪರ್ಕ ಬಿಂದು. ಆದರೆ ನೈಟ್ರಿಕ್ ಆಮ್ಲದ ಪ್ರಯೋಗವನ್ನು ತರಗತಿಯಲ್ಲಿ ಯಾರೂ ಮಾಡಿ ತೋರಿಸಬಾರದು, ಆ ಹೊಗೆ ವಿಷ. ಇತಿಹಾಸಕಾರರು ಈ ಎರಡು ವಿಧಾನಗಳನ್ನು ಬೇರೆಯಾಗಿಯೇ ಹೆಸರಿಸುತ್ತಾರೆ. ನಾನಿಲ್ಲಿ ಎರಡಕ್ಕೂ ಕೆತ್ತನೆಚಿತ್ರ ಎಂದೇ ಬಳಸಿದ್ದೇನೆ.

ಪಾಠಕ್ಕೆ ಬೇಕಾದ ಮುಖ್ಯ ಅಂಶ ಒಂದಿದೆ. ತಗಡಿನ ಮೇಲೆ ಬಲಕ್ಕಿರುವುದು ಕಾಗದದ ಮೇಲೆ ಎಡಕ್ಕೆ ಬರುತ್ತದೆ. ವರ್ಣಚಿತ್ರವನ್ನು ಕಂಡಂತೆಯೇ ತಗಡಿಗೆ ಇಳಿಸಿದರೆ ಅಚ್ಚಿನಲ್ಲಿ ಬೇಟೆಗಾರ ಎಡಗೈಯಲ್ಲಿ ಭರ್ಜಿ ಹಿಡಿದಿರುತ್ತಾನೆ. ಇದನ್ನು ತಿಳಿಯದವರು ಎಡಗೈಗೂ ಒಂದು ಸಂಕೇತಾರ್ಥ ಹುಡುಕಿಬಿಡುವ ಅಪಾಯವಿದೆ. ಸಾಬೂನಿನ ಬಿಲ್ಲೆಯ ಮೇಲೆ ‘ಎ’ ಅಕ್ಷರ ಕೆತ್ತಿ, ಸ್ಟಾಂಪ್ ಪ್ಯಾಡಿಗೆ ಒತ್ತಿ ಅಚ್ಚು ತೆಗೆದಾಗ ಮಕ್ಕಳಿಗೆ ಇದು ಎರಡೇ ನಿಮಿಷದಲ್ಲಿ ತಿಳಿಯಿತು. (ಸಾಬೂನಿನಲ್ಲಿ ಉಬ್ಬಿದ ಭಾಗಕ್ಕೆ ಮಸಿ ಹತ್ತುತ್ತದೆ, ತಾಮ್ರದಲ್ಲಿ ತಗ್ಗಿದ ಭಾಗಕ್ಕೆ. ಈ ವ್ಯತ್ಯಾಸವನ್ನು ಹೇಳಿಯೇ ಮುಂದೆ ಹೋಗಬೇಕು.) ಆಮೇಲೆ ಚಿತ್ರದ ಪಕ್ಕ ಕೈಗನ್ನಡಿ ಹಿಡಿದು ತಗಡಿನ ಮೇಲೆ ಅದು ಹೇಗಿದ್ದಿರಬಹುದು ಎಂದು ಅವರೇ ನೋಡಿಕೊಂಡರು.

ಬೇಟೆಯೇ ಏಕೆ?

ಆ ಕಾಲದ ಯುರೋಪಿನಲ್ಲಿ ಬೇಟೆ ಎಲ್ಲರ ಹಕ್ಕಾಗಿರಲಿಲ್ಲ. ಜಿಂಕೆ, ಹಂದಿಯಂಥ ದೊಡ್ಡ ಪ್ರಾಣಿಗಳ ಬೇಟೆ ಅರಸರ ಮತ್ತು ಶ್ರೀಮಂತ ಮನೆತನಗಳ ಮೀಸಲು. ಫ್ರಾನ್ಸಿನಲ್ಲಿ 1669ರ ಅರಣ್ಯ ಶಾಸನ ಇದನ್ನು ಬಿಗಿಗೊಳಿಸಿತು. ಈ ವಿಶೇಷ ಹಕ್ಕು ರದ್ದಾದದ್ದು 1789ರ ಆಗಸ್ಟಿನಲ್ಲಿ, ಕ್ರಾಂತಿಯ ಮೊದಲ ತಿಂಗಳುಗಳಲ್ಲಿ. ತನ್ನ ಹೊಲಕ್ಕೆ ನುಗ್ಗಿದ ಜಿಂಕೆಯನ್ನೂ ರೈತ ಕೊಲ್ಲುವಂತಿರಲಿಲ್ಲ. ಆದ್ದರಿಂದ ಬೇಟೆಯ ಚಿತ್ರ ಎಂದರೆ ಮೊದಲಿಗೆ ಅಧಿಕಾರದ ಚಿತ್ರ. ಸ್ವತಃ ಬೇಟೆಯಾಡಲಾಗದ ಪಟ್ಟಣಿಗ ಅದರ ಅಚ್ಚನ್ನಾದರೂ ಕೊಳ್ಳಬಹುದಿತ್ತು.

ಫ್ಲೆಮಿಶ್ ಮೂಲದ ಸ್ಟ್ರಾಡಾನಸ್ (1523–1605) ಫ್ಲಾರೆನ್ಸಿನಲ್ಲಿದ್ದುಕೊಂಡು ರಚಿಸಿದ ಬೇಟೆಚಿತ್ರಗಳ ಮಾಲೆಯೊಂದನ್ನು ಆಂಟ್ವರ್ಪಿನ ಫಿಲಿಪ್ ಗಾಲೆ ಅಚ್ಚು ಹಾಕಿಸಿದ. ನೂರಕ್ಕೂ ಹೆಚ್ಚು ಫಲಕಗಳು. ಸ್ಟ್ರಾಡಾನಸ್‌ನ ಶಿಷ್ಯ ಆಂಟೋನಿಯೊ ಟೆಂಪೆಸ್ಟಾ (1555–1630) ರೋಮಿನಲ್ಲಿ ನೆಲೆಸಿ ಬೇಟೆಯ ಮಾಲೆಗಳನ್ನೂ ಕೆತ್ತಿದ, ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫೋಸಿಸ್’ ಕಾವ್ಯಕ್ಕೆ 150 ಫಲಕಗಳನ್ನೂ ಕೆತ್ತಿದ. ಅವನ್ನು 1606ರಲ್ಲಿ ಆಂಟ್ವರ್ಪಿನಲ್ಲಿ ಪೀಟರ್ ಡಿ ಯೋಡ್ ಪ್ರಕಟಿಸಿದ. ಒಬ್ಬನೇ ಕಲಾವಿದನ ಕೈಯಲ್ಲಿ ನಿಜವಾದ ಬೇಟೆಯ ವಿವರ ಮತ್ತು ಪುರಾಣ ಎರಡೂ ಕೂಡಿದ್ದು ಮುಖ್ಯ. ಪುರಾಣದ ವೀರ ಹಿಡಿದ ಭರ್ಜಿಗೆ ಅಡ್ಡಪಟ್ಟಿ ಇರುತ್ತದೆ. ಚುಚ್ಚಿಸಿಕೊಂಡ ಹಂದಿ ಭರ್ಜಿಯ ಕಾವಿನ ಮೇಲೇ ನುಗ್ಗಿ ಬರದಂತೆ ತಡೆಯುವ ಪಟ್ಟಿ ಅದು. ನಾಯಿಗಳಲ್ಲಿ ಓಡುವ ತಳಿ ಬೇರೆ, ಹಿಡಿಯುವ ತಳಿ ಬೇರೆ. ರೆಂಬ್ರಾಂಟ್ 1634ರ ತನ್ನ ವರ್ಣಚಿತ್ರವೊಂದರಲ್ಲಿ ಡಯಾನಾಳ ಎರಡು ಕಥೆಗಳನ್ನು ಸೇರಿಸುವಾಗ ನೆರವಿಗೆ ನೋಡಿದ್ದೂ ಈ ಟೆಂಪೆಸ್ಟಾನ ಅಚ್ಚುಗಳನ್ನೇ.

ಆಕ್ಟಿಯಾನ್

ಕಥೆ ಗ್ರೀಕರದು, ಈ ಕಲಾವಿದರು ಅದನ್ನು ಓದಿದ್ದು ಹೆಚ್ಚಾಗಿ ಓವಿಡ್‌ನ ಮೂಲಕ. ಹಾಗಾಗಿ ಗ್ರೀಕರ ಆರ್ಟೆಮಿಸ್ ಇಲ್ಲಿ ಡಯಾನಾ ಆಗಿದ್ದಾಳೆ. ಥೀಬ್ಸ್ ನಗರದ ರಾಜ ಕ್ಯಾಡ್ಮಸ್‌ನ ಮೊಮ್ಮಗ ಆಕ್ಟಿಯಾನ್. ಬೆಳಗಿನ ಬೇಟೆ ಮುಗಿಸಿ, ನಡುಹಗಲಲ್ಲಿ ಗುರುತಿಲ್ಲದ ಕಣಿವೆಯೊಳಗೆ ಅಲೆಯುತ್ತ ಹೋಗುತ್ತಾನೆ. ಅಲ್ಲಿನ ಕೊಳದಲ್ಲಿ ಬೇಟೆಯ ದೇವತೆ ಡಯಾನಾ ಸ್ನಾನ ಮಾಡುತ್ತಿರುತ್ತಾಳೆ. ಬಾಣ ಕೈಗೆಟುಕದ ಕಾರಣ ಅವಳು ಬೊಗಸೆ ನೀರನ್ನೇ ಅವನ ಮುಖಕ್ಕೆ ಎರಚುತ್ತಾಳೆ. ಅವನ ತಲೆಯಲ್ಲಿ ಕೊಂಬು ಮೂಡುತ್ತದೆ, ಮೈ ಜಿಂಕೆಯದಾಗುತ್ತದೆ, ಮನಸ್ಸು ಮಾತ್ರ ಮನುಷ್ಯನದಾಗಿಯೇ ಉಳಿಯುತ್ತದೆ. ಕಂಡದ್ದನ್ನು ಹೇಳದಂತೆ ಮಾತೂ ಹೋಗುತ್ತದೆ. ಅವನದೇ ನಾಯಿಗಳು ಅವನನ್ನು ಅಟ್ಟಿಸಿಕೊಂಡು ಹೋಗಿ ಸೀಳುತ್ತವೆ. ಜೊತೆಗಾರರು ನಾಯಿಗಳನ್ನು ಹುರಿದುಂಬಿಸುತ್ತ, ಈ ಸೊಗಸನ್ನು ನೋಡಲು ಆಕ್ಟಿಯಾನ್ ಎಲ್ಲಿ ಹೋದ ಎಂದು ಕೂಗಿ ಕರೆಯುತ್ತಾರೆ.

ಓವಿಡ್ ಮೂವತ್ತಕ್ಕೂ ಹೆಚ್ಚು ನಾಯಿಗಳ ಹೆಸರು ಹೇಳುತ್ತಾನೆ. ಮೆಲಾಂಪಸ್ ಎಂದರೆ ಕರಿಗಾಲಿನವನು, ಲ್ಯೂಕಾನ್ ಬಿಳಿಯ, ಆಸ್ಬೊಲಸ್ ಮಸಿ, ಲೀಲಾಪ್ಸ್ ಸುಂಟರಗಾಳಿ. ಹೆಸರಿಟ್ಟು ಸಾಕಿದ ನಾಯಿಗಳು ಎಂಬುದೇ ಕಥೆಯ ಕ್ರೌರ್ಯ. ನಮ್ಮ ಮಕ್ಕಳು ಇದನ್ನು ತಕ್ಷಣ ಹಿಡಿದರು. ಮನೆಯ ನಾಯಿಗಳಿಗೆ ಇಟ್ಟ ಕರಿಯ, ಬಿಳಿಯ, ರಾಜ ಮುಂತಾದ ಹೆಸರುಗಳು ಒಂದರ ಹಿಂದೆ ಒಂದು ಬಂದವು. ಈ ಹಂತದಲ್ಲಿ ನಗು ಇತ್ತು. ಅದೇ ಕರಿಯ ನಿಮ್ಮ ಗುರುತು ಹಿಡಿಯದಿದ್ದರೆ ಎಂದಾಗ ತರಗತಿ ಸುಮ್ಮನಾಯಿತು.

ಕಾವ್ಯದಲ್ಲಿ ರೂಪಾಂತರ ಒಂದಾದ ಮೇಲೊಂದು ಅಂಗದಂತೆ ನಡೆಯುತ್ತದೆ. ತಗಡಿನಲ್ಲಿ ಅದಕ್ಕೆ ಅವಕಾಶವಿಲ್ಲ, ಒಂದೇ ಕ್ಷಣ ಆಯ್ದುಕೊಳ್ಳಬೇಕು. ಈ ಕಥೆಯ ಬಹುತೇಕ ಅಚ್ಚುಗಳು ಆಯ್ದದ್ದು ಮನುಷ್ಯನ ಮೈಯ ಮೇಲೆ ಜಿಂಕೆಯ ತಲೆ ಇರುವ ಕ್ಷಣವನ್ನು. ಇದು ಓವಿಡ್‌ನಲ್ಲಿ ಹೀಗೆ ನಿಲ್ಲುವುದೇ ಇಲ್ಲ, ಕೆತ್ತನೆಗಾರರ ರೂಢಿ. ಬಟ್ಟೆ, ಭರ್ಜಿ, ಕಾಲುಗಳು ಬೇಟೆಗಾರನವು, ತಲೆ ಬೇಟೆಯದು. ಮುಂದೇನಾಗುತ್ತದೆ ಎಂಬುದನ್ನು ಕಾಲ ಬುಡದಲ್ಲಿ ನಿಂತ ನಾಯಿಗಳು ಹೇಳುತ್ತವೆ. ಗಣಿತದ ಭಾಷೆಯಲ್ಲಿ ಹೇಳುವುದಾದರೆ, ಸಮಯದ ರೇಖೆಯ ಮೇಲಿನ ಮೂರು ಬಿಂದುಗಳನ್ನು ಒಂದೇ ಆಕೃತಿಯಲ್ಲಿ ಗುರುತಿಸಿದ ಹಾಗೆ.

ಒಂದು ಚಿತ್ರ, ಹಲವು ಅರ್ಥ

ಈಗ ಸಂಕೇತದ ವಿಚಾರ. ಆ ಕಾಲದ ಕಲಾವಿದರ ಬಳಿ ಸಂಕೇತಗಳ ಕೈಪಿಡಿಗಳೇ ಇದ್ದವು. ಚೆಸಾರೆ ರಿಪಾನ ‘ಇಕನಾಲಜಿಯಾ’ 1593ರಲ್ಲಿ ಬಂತು. 1603ರ ಆವೃತ್ತಿಗೆ ಚಿತ್ರಗಳೂ ಸೇರಿದವು. ಅದರಲ್ಲಿ ನಿಷ್ಠೆ ಎಂಬ ಗುಣದ ಜೊತೆಗೆ ನಾಯಿ ಇದೆ. ಕಾರೆಲ್ ವಾನ್ ಮಾಂಡರ್ 1604ರಲ್ಲಿ ಓವಿಡ್‌ನ ಕಥೆಗಳಿಗೆ ಕಲಾವಿದರಿಗೆಂದೇ ನೀತಿಪರ ವಿವರಣೆ ಬರೆದ. ಹಾಗಾದರೆ ಕೆಲಸ ಸುಲಭ ಎನಿಸಬಹುದು: ಕೈಪಿಡಿ ತೆಗೆ, ಅರ್ಥ ಬರೆ. ಆದರೆ ಆಕ್ಟಿಯಾನ್‌ನ ಫಲಕದ ಮುಂದೆ ಈ ಪಟ್ಟಿ ಹಿಡಿದು ನಿಂತರೆ ನಾಯಿಯ ಬಳಿಯೇ ಎಡವುತ್ತೇವೆ. ಯಜಮಾನನನ್ನೇ ಸೀಳುವ ನಾಯಿ ಯಾವ ನಿಷ್ಠೆಯ ಗುರುತು?

ಈ ಕಥೆಗೆ ಯುರೋಪಿನವರು ಕೊಟ್ಟ ಅರ್ಥಗಳನ್ನು ನೋಡಿದರೆ ವಿಷಯ ಇನ್ನೂ ಸ್ವಾರಸ್ಯ. ಪ್ರಾಚೀನ ಗ್ರೀಕ್ ಲೇಖಕ ಪಲೈಫಾಟಸ್ ಪವಾಡವನ್ನೇ ಒಪ್ಪುವುದಿಲ್ಲ. ಆಕ್ಟಿಯಾನ್ ಬೇಟೆಯ ಹುಚ್ಚಿಗೆ ಆಸ್ತಿ ಕಳೆದುಕೊಂಡ, ಅದಕ್ಕೇ ಜನ ನಾಯಿಗಳು ಅವನನ್ನು ತಿಂದುಹಾಕಿದವು ಎಂದರು ಎನ್ನುತ್ತಾನೆ. (ನಮ್ಮಲ್ಲೂ ಸಾಲ ತಿಂದುಹಾಕಿತು ಎನ್ನುವುದಿಲ್ಲವೇ?) 1531ರಲ್ಲಿ ಮೊದಲು ಅಚ್ಚಾದ ಆಂಡ್ರಿಯಾ ಆಲ್ಸಿಯಾಟೊನ ಲಾಂಛನಗಳ ಪುಸ್ತಕದಲ್ಲಿ ಆಕ್ಟಿಯಾನ್ ಕೊಲೆಗಡುಕರಿಗೆ ಆಶ್ರಯ ಕೊಡುವವನ ಸಂಕೇತ: ಸಾಕಿದ ಪುಂಡರೇ ಕೊನೆಗೆ ಅವನನ್ನು ಮುಗಿಸುತ್ತಾರೆ. ಜಿಯೊರ್ಡಾನೊ ಬ್ರೂನೊ 1585ರಲ್ಲಿ ಇದನ್ನು ಪೂರ್ತಿ ತಿರುಗಿಸಿಬಿಟ್ಟ. ಅವನಿಗೆ ಆಕ್ಟಿಯಾನ್ ಎಂದರೆ ಸತ್ಯವನ್ನು ಬೇಟೆಯಾಡುವ ಬುದ್ಧಿ. ನಾಯಿಗಳು ಅವನ ಆಲೋಚನೆಗಳು. ದಿವ್ಯವನ್ನು ಕಂಡ ಮೇಲೆ ಹುಡುಕುವವನೇ ಹುಡುಕಾಟಕ್ಕೆ ಆಹಾರವಾಗುತ್ತಾನೆ. ಅದು ದುರಂತವಲ್ಲ, ಸಿದ್ಧಿ. ಫ್ರಾನ್ಸಿಸ್ ಬೇಕನ್ 1609ರಲ್ಲಿ ಮತ್ತೆ ನೆಲಕ್ಕಿಳಿಸಿದ: ಅರಸರ ಗುಟ್ಟು ತಿಳಿದವನ ಗತಿ ಇದು, ಅವನ ಸೇವಕರೇ ಅವನಿಗೆ ಮುಳುವಾಗುತ್ತಾರೆ. ಜಾರ್ಜ್ ಸ್ಯಾಂಡಿಸ್ 1632ರ ತನ್ನ ವ್ಯಾಖ್ಯಾನದಲ್ಲಿ ಇದೇ ಜಾಡಿನಲ್ಲಿದ್ದಾನೆ. ಅಷ್ಟೇ ಏಕೆ, ಚಕ್ರವರ್ತಿ ಆಗಸ್ಟಸ್ ಕ್ರಿ.ಶ. 8ರಲ್ಲಿ ಗಡೀಪಾರು ಮಾಡಿದಾಗ ಓವಿಡ್ ತನ್ನನ್ನೇ ಆಕ್ಟಿಯಾನ್‌ಗೆ ಹೋಲಿಸಿಕೊಂಡ: ತಾನೂ ಕಾಣಬಾರದ್ದನ್ನು ಅರಿಯದೆ ಕಂಡೆ ಎಂದು.

ಇದರ ಮೇಲೆ ಚರ್ಚಿನ ಚಿತ್ರಗಳ ನೆನಪೂ ಇತ್ತು. ಬೇಟೆಗಾರರ ಸಂತ ಹ್ಯೂಬರ್ಟ್ ಕಂಡ ಜಿಂಕೆಯ ಕೊಂಬುಗಳ ನಡುವೆ ಶಿಲುಬೆ ಇರುತ್ತದೆ. ಆಂಟ್ವರ್ಪಿನಲ್ಲಿ ಭಾನುವಾರ ಆ ಜಿಂಕೆಯನ್ನು ನೋಡಿದವನು ಸೋಮವಾರ ಅಚ್ಚಿನಂಗಡಿಯಲ್ಲಿ ಈ ಜಿಂಕೆಯನ್ನು ನೋಡುತ್ತಿದ್ದ. ಜಿಂಕೆಗೆ ಒಂದೇ ಅರ್ಥ ಹೇಳಲು ಹೇಗೆ ಸಾಧ್ಯ?

ನಾನು ಈ ಎಲ್ಲ ಅರ್ಥಗಳನ್ನು ಮಕ್ಕಳ ಮುಂದೆ ಸುರಿಯಲಿಲ್ಲ. ಮೂರನ್ನು ಮಾತ್ರ ಆಯ್ದು (ಆಸ್ತಿ ಕಳೆದವನು, ಪುಂಡರನ್ನು ಸಾಕಿದವನು, ಸತ್ಯ ಹುಡುಕಿದವನು) ಮೂರು ಚೀಟಿಗಳಲ್ಲಿ ಬರೆದು ಮೂರು ಗುಂಪುಗಳಿಗೆ ಕೊಟ್ಟೆ. ಎಲ್ಲರಿಗೂ ಒಂದೇ ಚಿತ್ರ. ನಿಮ್ಮ ಚೀಟಿ ಸರಿ ಎಂದು ಚಿತ್ರದಲ್ಲಿ ಎಲ್ಲಿ ತೋರಿಸಬಲ್ಲಿರಿ ಎಂಬುದು ಪ್ರಶ್ನೆ. ಪುಂಡರ ಗುಂಪು ನಾಯಿಗಳ ಕೊರಳಪಟ್ಟಿಯನ್ನು ತೋರಿಸಿತು: ಪಟ್ಟಿ ಹಾಕಿದವನು ಅವನೇ ಅಲ್ಲವೇ, ಮಿಸ್. ಸತ್ಯದ ಗುಂಪಿಗೆ ಕಷ್ಟವಾಯಿತು. ಅವರು ಸುಮಾರು ಹೊತ್ತು ಯೋಚಿಸಿ, ಅವನು ಓಡುತ್ತಿಲ್ಲ, ನಿಂತಿದ್ದಾನೆ ಎಂದರು. ಇಷ್ಟು ನಿಖರವಾದ ಉತ್ತರ ನನ್ನ ಪಾಠಯೋಜನೆಯ ‘ನಿರೀಕ್ಷಿತ ಉತ್ತರ’ದ ಕಲಂನಲ್ಲಿ ಇರಲಿಲ್ಲ.

ತಪ್ಪು ಯಾರದು?

ಎರಡನೆಯ ಅವಧಿಯ ಚರ್ಚೆಗೆ ಇದೇ ಪ್ರಶ್ನೆ. ಓವಿಡ್ ಕಥೆಯ ಆರಂಭದಲ್ಲೇ ಇದು ಅದೃಷ್ಟದ ದೋಷ, ಅಪರಾಧವಲ್ಲ ಎಂಬ ತನ್ನ ಅಭಿಪ್ರಾಯ ಸೂಚಿಸುತ್ತಾನೆ. ಕೊನೆಯಲ್ಲಿ, ಜನ ಎರಡು ಪಕ್ಷವಾದರು, ಕೆಲವರು ದೇವತೆ ಅತಿಯಾಗಿ ಕ್ರೂರಳಾದಳು ಎಂದರು, ಕೆಲವರು ಅವಳ ಕನ್ಯಾವ್ರತಕ್ಕೆ ಅದು ತಕ್ಕದ್ದೇ ಎಂದರು ಎಂದು ಹೇಳಿ ಬಿಟ್ಟುಬಿಡುತ್ತಾನೆ. ಚರ್ಚೆಯನ್ನು ಶಿಕ್ಷಕರು ಹೊರಗಿನಿಂದ ತರಬೇಕಾಗಿಲ್ಲ, ಅದು ಮೂಲದಲ್ಲಿಯೇ ಇದೆ.

ಮಕ್ಕಳು ಪಾಂಡುವಿನ ಕಥೆ ತಂದರು. ಜಿಂಕೆಯ ರೂಪದಲ್ಲಿದ್ದ ಕಿಂದಮ ಮುನಿಗೆ ಬಾಣ ಬಿಟ್ಟು ಶಾಪ ಪಡೆದವನು ಪಾಂಡು. ಹೋಲಿಕೆ ಸಹಜ, ಆದರೆ ನಾನು ಅದನ್ನು ಹೋಲಿಕೆಯಲ್ಲೇ ನಿಲ್ಲಿಸದೆ ವ್ಯತ್ಯಾಸ ಕೇಳಿದೆ. ಪಾಂಡು ಬಾಣ ಬಿಟ್ಟಿದ್ದ. ಇವನು ಬರೀ ನೋಡಿದ. ಅಲ್ಲಿ ಮುನಿ ಜಿಂಕೆಯಾಗಿದ್ದ. ಇಲ್ಲಿ ಬೇಟೆಗಾರನೇ ಜಿಂಕೆಯಾದ. ಅಲ್ಲಿ ಶಾಪಕ್ಕೆ ಮೊದಲು ಮಾತುಕತೆ ಇದೆ. ಇಲ್ಲಿ ಮಾತೇ ಹೋಗಿದೆ. ಕೊನೆಯ ಅಂಶವನ್ನು ಹೇಳಿದ್ದು ತರಗತಿಯಲ್ಲಿ ಅಷ್ಟಾಗಿ ಮಾತಾಡದ ಹುಡುಗ. ತನ್ನ ಪರವಾಗಿ ಒಂದು ಮಾತು ಹೇಳಲು ಅವಕಾಶವಿಲ್ಲದೆ ಶಿಕ್ಷೆ ಅನುಭವಿಸುವುದು ಹದಿನಾಲ್ಕು ವರ್ಷದವರಿಗೆ ದೂರದ ಸಂಗತಿಯಲ್ಲ. ತಮ್ಮ ಉದಾಹರಣೆಗಳನ್ನು ಅವರು ಹೇಳಿದರು. ಅವನ್ನು ಇಲ್ಲಿ ಬರೆಯುವುದಿಲ್ಲ.

ಮೌಲ್ಯಮಾಪನಕ್ಕಾಗಿ ನಾಯಿಯ ದೃಷ್ಟಿಯಿಂದ ಐದು ವಾಕ್ಯ ಬರೆಯಲು ಹೇಳಿದ್ದೆ. ಒಬ್ಬಳು ಬರೆದದ್ದರ ಸಾರ ಇದು: ನಾಯಿಗೆ ಯಜಮಾನ ಎಂದರೆ ಮುಖವಲ್ಲ, ವಾಸನೆ, ದೇವತೆ ವಾಸನೆಯನ್ನೂ ಬದಲಾಯಿಸಿದಳು, ಆದ್ದರಿಂದ ನಾಯಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ನಿಷ್ಠೆಯ ಸಂಕೇತ ಈ ಚಿತ್ರದಲ್ಲಿ ಸುಳ್ಳಾಗುವುದಿಲ್ಲ, ಇನ್ನೂ ಭಯಂಕರವಾಗುತ್ತದೆ ಎಂಬುದನ್ನು ಅವಳು ನನಗಿಂತ ಚಿಕ್ಕದಾಗಿ ಹೇಳಿದ್ದಳು.

ಪೂರ್ತಿ ಫಲಕ ತೋರಿಸಬೇಕೇ?

ಇದು ಪ್ರತಿಯೊಬ್ಬ ಶಿಕ್ಷಕರಿಗೂ ಎದುರಾಗುವ ಪ್ರಶ್ನೆ. ಡಯಾನಾ ಮತ್ತು ಅವಳ ಸಖಿಯರು ಸ್ನಾನದಲ್ಲಿದ್ದಾರೆ. ಫಲಕದ ಅರ್ಧಭಾಗ ನಗ್ನ ಆಕೃತಿಗಳು. ಕಾಲೇಜಿನಲ್ಲಿ ಸಹಪಾಠಿಗಳ ಮುಂದೆ ಅಣಕು ಪಾಠ ಮಾಡಿದಾಗ ಪೂರ್ತಿ ಫಲಕ ಬಳಸಿದೆ. ಶಾಲೆಯಲ್ಲಿ ಆಕ್ಟಿಯಾನ್ ಮತ್ತು ನಾಯಿಗಳಿರುವ ಭಾಗವನ್ನು ಮಾತ್ರ ದೊಡ್ಡದಾಗಿ ಮುದ್ರಿಸಿ ತೋರಿಸಿ, ಉಳಿದದ್ದನ್ನು ಬಾಯಲ್ಲಿ ಹೇಳಿದೆ. ಮುಜುಗರ ತಪ್ಪಿಸುವುದಷ್ಟೇ ಕಾರಣವಾಗಿರಲಿಲ್ಲ. ಪೂರ್ತಿ ಫಲಕವನ್ನು ನೋಡುವವನು ಎಲ್ಲಿ ನಿಂತಿರುತ್ತಾನೆ ಎಂದು ಯೋಚಿಸಿ. ಆಕ್ಟಿಯಾನ್ ಕಂಡದ್ದನ್ನೆಲ್ಲ ಅವನೂ ಕಾಣುತ್ತಾನೆ, ಶಿಕ್ಷೆಯಿಲ್ಲದೆ. ನೋಡಬಾರದ್ದನ್ನು ನೋಡಿದವನ ಕಥೆಯನ್ನು ಹೇಳುತ್ತಲೇ ಅದನ್ನು ಕೊಳ್ಳುವವನಿಗೆ ನೋಡಲು ಕೊಡುವುದು ಈ ಅಚ್ಚುಗಳ ವ್ಯಾಪಾರದ ಜಾಣತನ. ನೀತಿಯ ವಿವರಣೆ ಅದಕ್ಕೊಂದು ಮರೆ. ಅಣಕು ಪಾಠದಲ್ಲಿ ಈ ಮಾತು ಬಂದಾಗ ಸಹಪಾಠಿಯೊಬ್ಬಳು, ಹಾಗಾದರೆ ಡಯಾನಾಳ ಕೋಪ ನಮ್ಮ ಮೇಲೂ ಇರಬೇಕಲ್ಲ ಎಂದಳು. ಪ್ರಶಿಕ್ಷಣಾರ್ಥಿಗಳ ಮಟ್ಟದಲ್ಲಿ ಇದು ಚರ್ಚಿಸಲೇಬೇಕಾದ ಅಂಶ. ಶಾಲೆಯ ಮಕ್ಕಳಿಗೆ ಕತ್ತರಿಸಿದ ಚಿತ್ರ ಬೇರೆ ಪಾಠ ಕಲಿಸುತ್ತದೆ: ಅವರು ಆಕ್ಟಿಯಾನ್‌ನ ಜಾಗದಲ್ಲಿ ಅಲ್ಲ, ಅವನ ಎದುರಿಗೆ ನಿಲ್ಲುತ್ತಾರೆ. ಚಿತ್ರ ಕತ್ತರಿಸಿದೆ ಎಂಬುದನ್ನು ಅವರಿಗೆ ಹೇಳಿಯೇ ತೋರಿಸಿದೆ.

ಕ್ಯಾಲಿಡಾನಿನ ಹಂದಿ

ಕ್ಯಾಲಿಡಾನಿನ ರಾಜ ಈನಿಯಸ್ ಸುಗ್ಗಿಯ ಪೂಜೆಯಲ್ಲಿ ಎಲ್ಲ ದೇವತೆಗಳನ್ನೂ ನೆನೆದು ಡಯಾನಾಳನ್ನು ಮರೆತ. ಅವಳು ಕಳಿಸಿದ ದೈತ್ಯ ಕಾಡುಹಂದಿ ಬೆಳೆಯನ್ನೆಲ್ಲ ಹಾಳುಮಾಡಿತು. ರಾಜಕುಮಾರ ಮೆಲಿಯೇಜರ್ ಗ್ರೀಸಿನ ವೀರರನ್ನು ಸೇರಿಸಿದ. ಅವರಲ್ಲಿ ಅಟಲಾಂಟಾ ಎಂಬ ತರುಣಿಯೂ ಇದ್ದಳು. ಹಂದಿಗೆ ಮೊದಲ ಗಾಯ ಮಾಡಿದ್ದು ಅವಳ ಬಾಣ, ಕೊಂದದ್ದು ಮೆಲಿಯೇಜರ್. ಅವನು ತಲೆ ಮತ್ತು ತೊಗಲನ್ನು ಅವಳಿಗೆ ಕೊಟ್ಟಾಗ ಅವನ ಸೋದರಮಾವಂದಿರು ಕಿತ್ತುಕೊಂಡರು. ಅವನು ಅವರನ್ನು ಕೊಂದ. ಅಣ್ಣತಮ್ಮಂದಿರ ಸಾವು ಕೇಳಿದ ತಾಯಿ ಆಲ್ಥಿಯಾ, ಮಗನ ಆಯುಸ್ಸು ಅಡಗಿದ್ದ ಕೊಳ್ಳಿಯನ್ನು ಬೆಂಕಿಗೆ ಹಾಕಿದಳು.

ರೂಬೆನ್ಸ್ ಸುಮಾರು 1611–12ರಲ್ಲಿ ಬರೆದ ವರ್ಣಚಿತ್ರ ಈಗ ಅಮೆರಿಕದ ಗೆಟ್ಟಿ ಸಂಗ್ರಹಾಲಯದಲ್ಲಿದೆ. ಹಂದಿ, ಅದಕ್ಕೆ ಭರ್ಜಿ ನೆಟ್ಟ ಮೆಲಿಯೇಜರ್, ಅವನ ಹಿಂದೆ ಬಿಲ್ಲು ಹಿಡಿದ ಅಟಲಾಂಟಾ, ಕೆಳಗೆ ಸತ್ತುಬಿದ್ದ ಆನ್ಸಿಯಸ್, ಮೇಲೆ ಹಾರಿ ನಿಂತ ಕುದುರೆಗಳು. ರೂಬೆನ್ಸ್‌ನ ಬೇಟೆಯ ರಚನೆಗಳನ್ನು ಪೀಟರ್ ಸೌಟ್‌ಮನ್ ತಗಡಿಗೆ ಇಳಿಸಿದ. ಸಿಂಹ, ತೋಳ, ಹಂದಿ, ನೀರ್ಗುದುರೆಯ ಆ ಬೇಟೆಗಳಲ್ಲಿ ಇದೇ ಬಿರುಸು ಕಾಣುತ್ತದೆ. ಟೆಂಪೆಸ್ಟಾನ ಕಾಲದ ಫಲಕದಲ್ಲಿ ಆಕೃತಿಗಳು ಅಕ್ಕಪಕ್ಕ ಹಂಚಿಕೊಂಡಿರುತ್ತವೆ; ರೂಬೆನ್ಸ್ ನಂತರ ಎಲ್ಲ ಗೆರೆಗಳೂ ಓರೆಯಾಗಿ ಒಂದು ಬಿಂದುವಿಗೆ ನುಗ್ಗುತ್ತವೆ. ಅಳತೆಪಟ್ಟಿ ಇಟ್ಟು ಭರ್ಜಿ, ಕುದುರೆಯ ಕತ್ತು, ಬಿಲ್ಲು ಇವುಗಳ ದಿಕ್ಕನ್ನು ಎಳೆದರೆ ಅವು ಎಲ್ಲಿ ಸೇರುತ್ತವೆಂದು ಮಕ್ಕಳೇ ಕಂಡುಕೊಳ್ಳಬಹುದು. ನನ್ನ ಗಣಿತದ ಮನಸ್ಸಿಗೆ ಪಾಠದ ಅತ್ಯಂತ ಇಷ್ಟವಾದ ಭಾಗ ಇದು.

ಹಂದಿ ದೇವತೆಯ ಕೋಪದ ಸಂಕೇತ ಎಂದು ಪುಸ್ತಕಗಳು ಹೇಳುತ್ತವೆ, ಸರಿ. ಆದರೆ ತರಗತಿಯಲ್ಲಿ ಬಿಸಿ ಏರಿದ್ದು ಹಂದಿಯ ತಲೆಯ ವಿಷಯಕ್ಕೆ. ಮೊದಲು ತಾಗಿದ್ದು ಯಾರ ಬಾಣ ಎಂದು ಹುಡುಗಿಯರ ಸಾಲಿನಿಂದ ಪ್ರಶ್ನೆ. ಕೊಂದವನಿಗೇ ಸೇರಬೇಕು ಎಂದು ಹುಡುಗರ ಸಾಲು. ಕೊಂದವನೇ ಕೊಟ್ಟನಲ್ಲ, ಮಾವಂದಿರಿಗೇನು ಎಂದು ಮತ್ತೆ ಈ ಕಡೆಯಿಂದ. ತಲೆ ಎಂಬುದು ಇಲ್ಲಿ ಬೇಟೆಯ ಗುರುತಲ್ಲ, ಯಾರ ಕೆಲಸವನ್ನು ಯಾರು ಒಪ್ಪಿಕೊಳ್ಳುತ್ತಾರೆ ಎಂಬುದರ ಗುರುತು. ಇದನ್ನು ನಾನು ಹೇಳಬೇಕಾಗಲಿಲ್ಲ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ, ಸುಮಾರು 950ರ ಆತಕೂರಿನ ಶಾಸನವನ್ನು ಇತಿಹಾಸ ವಿಭಾಗದ ಸಹಪಾಠಿಗಳು ಪೂರ್ವಜ್ಞಾನಕ್ಕಾಗಿ ಬಳಸಬಹುದು; ಅಲ್ಲಿ ಮೆಚ್ಚುಗೆ ಯಾರಿಗೆ ಸಲ್ಲಬೇಕೋ ಅವರಿಗೇ ಸಂದಿದೆ. ವೀನಸ್‌ಳ ಎಚ್ಚರಿಕೆ ಮೀರಿ ಹಂದಿಯಿಂದ ಸತ್ತ ಅಡೋನಿಸ್‌ನ ಕಥೆಯನ್ನು ಸಮಯದ ಅಭಾವದಿಂದ ಬಿಟ್ಟೆ. ಅದು ಪ್ರೌಢಶಾಲೆಗಿಂತ ಕಾಲೇಜಿಗೆ ಹೊಂದುತ್ತದೆ.

ಕಪ್ಪುಹಲಗೆಯ ಪ್ರಶ್ನೆ

ನನ್ನ ಮಾರ್ಗದರ್ಶಕ ಶಿಕ್ಷಕರು ಪಾಠವನ್ನು ಮೆಚ್ಚಿದರು. ಆದರೆ ಕಪ್ಪುಹಲಗೆಯ ಸಾರಾಂಶದಲ್ಲಿ ‘ಸಂಕೇತ – ಅರ್ಥ’ ಎಂಬ ಎರಡು ಕಲಂ ಇರಬೇಕಿತ್ತು ಎಂದರು. ಅವರ ವಾದ ಹಗುರವಾದದ್ದಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಮಗು ಟಿಪ್ಪಣಿ ಪುಸ್ತಕಕ್ಕೆ ಏನಾದರೂ ಖಚಿತವಾದದ್ದನ್ನು ಬರೆದುಕೊಂಡು ಹೋಗಬೇಕು. ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಹಲವು ಅರ್ಥಗಳ ಚರ್ಚೆ ಕೈಗೆ ಸಿಗದ ನೀರು. ನಾಯಿ ಎಂದರೆ ನಿಷ್ಠೆ ಎಂಬ ಒಂದು ಮೆಟ್ಟಿಲಾದರೂ ಅದಕ್ಕೆ ಬೇಕು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಮಾಡಿದವರ ಮಾತು ಅದು.

ನನ್ನ ನಿಲುವು ಬೇರೆ. ಎರಡು ಕಲಂನ ಪಟ್ಟಿ ಬರೆದುಕೊಂಡ ಮಗು ಮುಂದಿನ ಚಿತ್ರವನ್ನು ನೋಡುವುದನ್ನು ನಿಲ್ಲಿಸುತ್ತದೆ. ನಾಯಿ ಕಂಡ ಕೂಡಲೇ ನಿಷ್ಠೆ ಎಂದು ಬರೆದು ಪೆನ್ನು ಕೆಳಗಿಡುತ್ತದೆ. ರಾಸಾಯನಿಕ ಧಾತುವಿನ ಸಂಕೇತ ಎಲ್ಲ ಸಮೀಕರಣದಲ್ಲೂ ಒಂದೇ. ಚಿತ್ರದ ಸಂಕೇತ ಹಾಗಲ್ಲ. ‘ಸಂಕೇತ’ ಎಂಬ ಒಂದೇ ಪದವನ್ನು ಎರಡೂ ಕಡೆ ಬಳಸುವುದರಿಂದ ವಿಜ್ಞಾನದವರಾದ ನಮಗೇ ಈ ಗೊಂದಲ ಹೆಚ್ಚು. ಹಾಗಾಗಿ ನಾನು ಮೂರು ಕಲಂ ಇಟ್ಟುಕೊಂಡೆ: ಚಿತ್ರದಲ್ಲಿ ಕಾಣುವುದು, ಈ ಕಥೆಯಲ್ಲಿ ಅದು ಮಾಡುವ ಕೆಲಸ, ಯಾರು ಅದಕ್ಕೆ ಯಾವ ಅರ್ಥ ಕೊಟ್ಟರು. ಮೊದಲ ಕಲಂ ಎಲ್ಲ ಮಕ್ಕಳೂ ತುಂಬಬಲ್ಲರು. ಮಾರ್ಗದರ್ಶಕರು ಹೇಳಿದ ಮೆಟ್ಟಿಲು ಅಲ್ಲಿಯೇ ಸಿಗುತ್ತದೆ ಎಂಬುದು ನನ್ನ ಸಮಾಧಾನ. ಅವರು ಮೂರನೆಯ ಕಲಂ ಒಂಬತ್ತನೆಯ ತರಗತಿಗೆ ಭಾರ ಎಂದೇ ಈಗಲೂ ಹೇಳುತ್ತಾರೆ. ಮುಂದಿನ ತಂಡದವರು ಎರಡೂ ಬಗೆಯಲ್ಲಿ ಪಾಠ ಮಾಡಿ, ಮಕ್ಕಳಿಗೆ ಹೊಸದೊಂದು ಚಿತ್ರ ಕೊಟ್ಟು ನೋಡಿದರೆ ಒಳ್ಳೆಯದು.

ಹಾಗೆ ಮಾಡಬಯಸುವವರಿಗೆ ಕೆಲವು ಮಾತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗಳ ಜಾಲತಾಣಗಳಲ್ಲಿ ಇಂಥ ಅಚ್ಚುಗಳ ದೊಡ್ಡ ಗಾತ್ರದ ಪ್ರತಿಗಳು ಉಚಿತವಾಗಿ ಸಿಗುತ್ತವೆ. ಕಲಾವಿದನ ಹೆಸರನ್ನು ಇಂಗ್ಲಿಷಿನಲ್ಲಿ ಕೊಟ್ಟು ಹುಡುಕಬೇಕು. ಟೆಂಪೆಸ್ಟಾನ ಮೂಲ ಫಲಕಗಳು ಅಂಗೈಯಗಲದವು, ಆದ್ದರಿಂದ ದೊಡ್ಡದು ಮಾಡಿ ಮುದ್ರಿಸುವುದರ ಜೊತೆಗೆ ಮೂಲ ಅಳತೆಯ ಒಂದು ಪ್ರತಿಯನ್ನೂ ಗುಂಪಿಗೊಂದರಂತೆ ಕೊಡಿ. ಹೊಳಪಿನ ಕಾಗದ ಬೇಡ, ಕಿಟಕಿಯ ಬೆಳಕು ಬಿದ್ದರೆ ಗೆರೆ ಕಾಣುವುದಿಲ್ಲ. ಕೈಗನ್ನಡಿಗಳು ಮತ್ತು ಮೂರು ಚೀಟಿಗಳನ್ನು ಕಾಲೇಜಿನ ಬೋಧನೋಪಕರಣ ಕೊಠಡಿಯಲ್ಲಿ ಒಂದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಸಾಬೂನನ್ನು ಮಾತ್ರ ಹೊಸದಾಗಿ ತರಬೇಕು.